ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್, ಕೂತರೆ ಕಾಲು ನೆಲಕ್ಕೆ ಸರಿಯಾಗಿ ಎಟುಕಲ್ಲ. ಸೀಟಿನ ಫೋಮ್ ತೆಗೆಸಬಹುದಾ?

ತೆಗೆಸಬಹುದು. ಆದರೆ ಮೊದಲು ಟ್ಯಾಂಕ್ ಹತ್ತಿರದ ಸೀಟಿನ ಅಂಚುಗಳನ್ನು ಎರಡೂ ಕಡೆ ಕಿರಿದು ಮಾಡಿಸಿ. ಸೀಟ್ ಅಗಲ ಇದ್ದರೆ ತೊಡೆ ಹೊರಕ್ಕೆ ಚಾಚಿಕೊಳ್ಳುತ್ತದೆ, ಅಗಲ ಇಳಿದರೆ ಸೀಟಿನ 800 ಮಿ.ಮೀ. ಎತ್ತರ ಹಾಗೇ ಇದ್ದರೂ ಪಾದ ಇನ್ನಷ್ಟು ಕೆಳಗೆ ಹೋಗುತ್ತದೆ. ಅದೂ ಸಾಲದಿದ್ದರೆ ಮಾತ್ರ ಕೂರುವ ಜಾಗದಲ್ಲಿ ಒಂದೆರಡು ಸೆಂ.ಮೀ. ಕೆತ್ತಿಸಿ, ಜಾಸ್ತಿ ತೆಗೆದರೆ ಕೆಳಗಿನ ಪ್ಲಾಸ್ಟಿಕ್ ಒತ್ತುತ್ತದೆ, ಹುಬ್ಬಳ್ಳಿಯಿಂದ ಗದಗ ಮುಟ್ಟುವಷ್ಟರಲ್ಲಿ ಗೊತ್ತಾಗುತ್ತೆ! ಸೀಟ್ ಕವರ್ ಹೊಲಿಯುವವರೇ ಈ ಕೆಲಸ ಮಾಡುತ್ತಾರೆ, ಸುಮ್ನೆ ಸೀಟ್ ಕೊಟ್ಟು ಬರಬೇಡಿ, ಗಾಡಿ ಮೇಲೆ ಕೂತು ಗುರುತು ಹಾಕಿಸಿ. ಕೂರುವ ಜಾಗದಲ್ಲಿ ಹೊಲಿಗೆ ಬೇಡ, ಮಳೆನೀರು ಫೋಮಿಗೆ ಇಳಿಯುತ್ತದೆ. ಸಸ್ಪೆನ್ಷನ್ ತಗ್ಗಿಸೋದು ನನಗಂತೂ ಇಷ್ಟವಿಲ್ಲ. ಹಾಗೆ ತಗ್ಗಿಸಿದರೆ ಸೈಡ್ ಸ್ಟ್ಯಾಂಡ್ ಉದ್ದವಾದಂತಾಗಿ, ಗಾಡಿ ತೀರಾ ನೆಟ್ಟಗೆ ನಿಂತು ಬೀಳಬಹುದು.