ಅಗ್ನಿವೀರನಾಗಿ ಸೇರಿದ ತಮ್ಮನಿಗೆ ಅಡುಗೆ ಕೆಲಸ ಕೊಟ್ಟಿದ್ದಾರೆ, ಬದಲಾಯಿಸಿಕೊಳ್ಳಬಹುದಾ?

ಸಾಮಾನ್ಯವಾಗಿ ಆಗುವುದಿಲ್ಲ. ಅರ್ಜಿ ಹಾಕುವಾಗ ನಾವು ಆರಿಸುವುದು ಜನರಲ್ ಡ್ಯೂಟಿ (ಸಾಮಾನ್ಯ ಸೈನಿಕನ ಕೆಲಸ), ಕ್ಲರ್ಕ್, ಟ್ರೇಡ್ಸ್‌ಮನ್ ಇಂಥ ವಿಭಾಗ ಅಷ್ಟೇ. ಯಾವ ರೆಜಿಮೆಂಟು, ಎಲ್ಲಿ ಪೋಸ್ಟಿಂಗು ಅನ್ನುವುದನ್ನು ಸೈನ್ಯ ತನ್ನ ಅಗತ್ಯ ನೋಡಿ ತೀರ್ಮಾನಿಸುತ್ತದೆ. ಬೆಳಗಾವಿಯ ಸೇನಾ ಭರ್ತಿಯಲ್ಲಿ ಓಡಿ ಪಾಸಾದವರೆಲ್ಲ ಅಲ್ಲಿನ ಮರಾಠಾ ಲೈಟ್ ಇನ್‌ಫೆಂಟ್ರಿಗೇ ಹೋಗುತ್ತಾರೆ ಅಂತೇನಿಲ್ಲ.

ನಿಮ್ಮ ತಮ್ಮ ಬಹುಶಃ ಟ್ರೇಡ್ಸ್‌ಮನ್ ವಿಭಾಗದಲ್ಲಿ ಆಯ್ಕೆಯಾಗಿರಬೇಕು. ಅಡುಗೆ, ಬಟ್ಟೆ ಒಗೆಯುವುದು, ಕ್ಷೌರ ಎಲ್ಲ ಅದರಲ್ಲೇ ಬರುತ್ತವೆ. ಜನರಲ್ ಡ್ಯೂಟಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ. 45 ಅಂಕ ಬೇಕು. ಟ್ರೇಡ್ಸ್‌ಮನ್‌ಗೆ ಪಾಸಾಗಿದ್ದರೆ ಸಾಕು. ಹಾಗಾಗಿ ಅಂಕ ಕಡಿಮೆ ಇರುವ ಹುಡುಗರು, ಹೇಗಾದರೂ ಯೂನಿಫಾರ್ಮ್ ಸಿಗಲಿ ಅಂತ, ಇದಕ್ಕೇ ಅರ್ಜಿ ಹಾಕುತ್ತಾರೆ. ಅಂದಹಾಗೆ, ಅಡುಗೆಯವನಿಗೂ ಬಂದೂಕಿನ ತರಬೇತಿ ಇರುತ್ತದೆ, ಸುಮ್ನೆ ಸೌಟು ಹಿಡಿಸಿ ಕೂರಿಸುವುದಿಲ್ಲ.

ಅಗ್ನಿವೀರರ ಸೇವೆ ನಾಲ್ಕು ವರ್ಷದ್ದು; ಅದು ಮುಗಿಯುವ ಮೊದಲೇ ತಾನಾಗಿ ಬಿಟ್ಟು ಬರಲು, ತೀರಾ ಅಪರೂಪದ ಸಂದರ್ಭ ಬಿಟ್ಟರೆ, ಅನುಮತಿ ಇಲ್ಲ.