ನಷ್ಟವಾದರೂ ಒಲೆ ಆರಿಸದ ಅಪ್ಪ

ಓದುಗರ ಪತ್ರ: ನಾನು ಮದ್ದೂರು ತಾಲ್ಲೂಕಿನವಳು, ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗ. ನಮ್ಮಪ್ಪ ಒಂದು ಆಲೆಮನೆಯನ್ನು ವರ್ಷದ ಗುತ್ತಿಗೆಗೆ ಹಿಡಿದಿದ್ದಾರೆ, ಕರಾರು ಯುಗಾದಿಗೆ ಮುಗಿಯುತ್ತದೆ. ಅಪ್ಪ, ಅಣ್ಣ ಇಬ್ಬರೂ ಅಲ್ಲೇ ದುಡಿಯುತ್ತಾರೆ. ನಾನು ಕೂತು ಲೆಕ್ಕ ಹಾಕಿದೆ, ದಿನವೂ ನಷ್ಟ. ಉದ್ಯಮಿ ಲಾಭಕ್ಕಾಗಿ ಉತ್ಪಾದಿಸುತ್ತಾನೆ ಎಂದು ಪಾಠದಲ್ಲಿದೆ, ನಿಲ್ಲಿಸಿಬಿಡಿ ಎಂದೆ. ಅಪ್ಪ ರೇಗಿ, ‘ನಿಲ್ಸ್‌ಬುಟ್ರೆ ಗುತ್ತಿಗೆ ದುಡ್ಡ ಬುಟ್ಬುಡ್ತಾರಾ?’ ಎಂದರು. ಬೆಲೆ ಇಳಿದರೆ ಬೇಡಿಕೆ ಏರುತ್ತದೆ ಎಂದೂ ಓದಿದ್ದೇನೆ, ಬೆಲೆ ಇಳಿದಾಗ ನಮ್ಮ ಬೆಲ್ಲವೇನೂ ಹೆಚ್ಚಿಗೆ ಹೋಗಲಿಲ್ಲ. ಪುಸ್ತಕ ತಪ್ಪೋ, ಅಪ್ಪ ತಪ್ಪೋ?

ಸಂಪಾದಕರ ಉತ್ತರ: ಮಗಳೇ, ನಿನ್ನ ವಯಸ್ಸಿನ ಮಕ್ಕಳು ನಮ್ಮ ಮನೆಯಲ್ಲೂ ಇದ್ದಾರೆ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಬಹುದಾದ ಪತ್ರ ಇದಲ್ಲ ಅನ್ನಿಸಿತು. ನಿಮ್ಮಪ್ಪ ರೇಗಿ ಆಡಿದ ಆ ಒಂದು ಮಾತಿನಲ್ಲಿ ನಿನ್ನ ಪುಸ್ತಕದ ಒಂದು ಇಡೀ ಅಧ್ಯಾಯವಿದೆ. ನೀನು ಇನ್ನೂ ಆ ಪಾಠಕ್ಕೆ ಬಂದಿಲ್ಲದಿರಬಹುದು.

ನೀನು ಅಂಕಿಗಳನ್ನು ಕಳಿಸಿಲ್ಲ, ಹಾಗಾಗಿ ಲೆಕ್ಕಕ್ಕೆಂದು ನಾನೇ ಕೆಲವನ್ನು ಇಟ್ಟುಕೊಳ್ಳುತ್ತೇನೆ. ದಿನಕ್ಕೆ ನಾಲ್ಕು ಟನ್ ಕಬ್ಬು ಅರೆಯುತ್ತೀರಿ ಎನ್ನೋಣ. ಗಾಣದ ಬಾಯಿಗೆ ಬಂದು ಬೀಳುವ ಹೊತ್ತಿಗೆ ಕಬ್ಬು ಟನ್ನಿಗೆ 3,000 ರೂಪಾಯಿ, ಒಟ್ಟು 12,000. ಕೂಲಿ ಆಳುಗಳಿಗೆ 4,000. ಕರೆಂಟು, ಸುಣ್ಣ, ಬೆಲ್ಲ ಸಾಗಿಸುವ ಗಾಡಿ ಬಾಡಿಗೆ ಎಲ್ಲ ಸೇರಿ 1,000. ಅಲ್ಲಿಗೆ 17,000 ಆಯಿತು. ಟನ್ ಕಬ್ಬಿಗೆ ಸುಮಾರು ನೂರು ಕೆ.ಜಿ. ಬೆಲ್ಲ ಬರುತ್ತದೆ, ನಾಲ್ಕು ಟನ್ನಿಗೆ 400 ಕೆ.ಜಿ. ಕೆ.ಜಿ.ಗೆ 45 ರೂಪಾಯಿ ಸಿಕ್ಕರೆ 18,000. ಇನ್ನು ಗುತ್ತಿಗೆ ಹಣ ಮತ್ತು ಮೋಟಾರಿನ ಸಾಲದ ಬಡ್ಡಿಯನ್ನು ದಿನಕ್ಕೆ ಹಂಚಿದರೆ 1,500 ಎಂದಿಟ್ಟುಕೋ. ನೀನು ಒಟ್ಟು ಖರ್ಚು 18,500, ಬಂದದ್ದು 18,000, ದಿನಕ್ಕೆ 500 ನಷ್ಟ ಎಂದು ಬರೆದಿರುತ್ತೀಯ. ಲೆಕ್ಕ ಸರಿಯಾಗಿದೆ.

ಈಗ ಒಲೆ ಆರಿಸು. ಕಬ್ಬಿನ ಖರ್ಚಿಲ್ಲ, ಕೂಲಿಯಿಲ್ಲ, ಕರೆಂಟಿಲ್ಲ. ಗುತ್ತಿಗೆ ಮತ್ತು ಬಡ್ಡಿ ಮಾತ್ರ ಹಾಗೇ ಉಳಿದವು. ನಡೆಸಿದರೆ 500 ನಷ್ಟ, ನಿಲ್ಲಿಸಿದರೆ 1,500 ನಷ್ಟ. ನಿಮ್ಮಪ್ಪ ಕಾಗದ ಪೆನ್ನು ಹಿಡಿಯದೆ ಹೇಳಿದ್ದು ಇದನ್ನೇ. ಬೆಲ್ಲ ಬೇಯಿಸಿದಷ್ಟಕ್ಕೇ ಬೀಳುವ ಖರ್ಚು ಬದಲಾಗುವ ವೆಚ್ಚ. ಬೇಯಿಸಲಿ ಬಿಡಲಿ ತೆರಲೇಬೇಕಾದದ್ದು ಸ್ಥಿರ ವೆಚ್ಚ. ‘ಇವತ್ತು ಒಲೆ ಹಚ್ಚಬೇಕೋ ಬೇಡವೋ’ ಎಂದು ಕೇಳಿಕೊಳ್ಳುವಾಗ ಸ್ಥಿರ ವೆಚ್ಚಕ್ಕೆ ಅಲ್ಲಿ ಕೆಲಸವಿಲ್ಲ, ಯಾಕೆಂದರೆ ಎರಡು ದಾರಿಯಲ್ಲೂ ಅದು ಒಂದೇ. ಈ ಅಂಕಿಗಳ ಪ್ರಕಾರ 17,000ವನ್ನು 400 ಕೆ.ಜಿ.ಗೆ ಹಂಚಿದರೆ 42 ರೂಪಾಯಿ 50 ಪೈಸೆ. ಬೆಲ್ಲದ ಬೆಲೆ ಅದಕ್ಕಿಂತ ಮೇಲಿರುವ ತನಕ ನಡೆಸುವುದೇ ವಾಸಿ. 42ಕ್ಕೆ ಇಳಿಯಿತೋ, ಬರುವುದು 16,800, ಒಟ್ಟು ನಷ್ಟ 1,700, ಆಗ ನಿಲ್ಲಿಸುವುದು ವಾಸಿ. ಪುಸ್ತಕದಲ್ಲಿ ‘ಸರಾಸರಿ ಬದಲಾಗುವ ವೆಚ್ಚಕ್ಕಿಂತ ಬೆಲೆ ಕಡಿಮೆಯಾದರೆ ಉತ್ಪಾದನೆ ಸ್ಥಗಿತ’ ಎಂದು ಒಣಗಿದ ಕನ್ನಡದಲ್ಲಿ ಇರುವುದು ಈ ನಲವತ್ತೆರಡೂವರೆ ರೂಪಾಯಿಯ ಮಾತು.

ಹಾಗಾದರೆ ಅಪ್ಪ ಗೆದ್ದರು, ನೀನು ಸೋತೆ ಎಂದುಕೊಳ್ಳಬೇಡ. ಯುಗಾದಿಗೆ ಕರಾರು ಮುಗಿಯುತ್ತದೆ ಎಂದಿದ್ದೀಯಲ್ಲ, ಆ ದಿನ ಗುತ್ತಿಗೆ ಹಣ ಸ್ಥಿರ ವೆಚ್ಚವಾಗಿ ಉಳಿಯುವುದಿಲ್ಲ. ಮತ್ತೆ ಸಹಿ ಹಾಕಿದರೆ ಉಂಟು, ಹಾಕದಿದ್ದರೆ ಇಲ್ಲ. ಅರ್ಥಶಾಸ್ತ್ರದವರು ದೀರ್ಘಾವಧಿ ಎನ್ನುವುದು ಇದನ್ನೇ. ಹತ್ತು ವರ್ಷವೋ ಇಪ್ಪತ್ತು ವರ್ಷವೋ ಎಂದು ಕ್ಯಾಲೆಂಡರ್ ನೋಡಿ ಹೇಳುವುದಲ್ಲ, ಹಳೆಯ ಕಟ್ಟುಪಾಡುಗಳೆಲ್ಲ ಕಳಚಿ ಎಲ್ಲವನ್ನೂ ಹೊಸದಾಗಿ ತೀರ್ಮಾನಿಸಬಹುದಾದ ಹೊತ್ತು. ಅವತ್ತು ನೀನು ಹಾಕಿದ 18,500ರ ಲೆಕ್ಕವೇ ಹೆಚ್ಚು ತೂಕದ್ದು. ಕೆ.ಜಿ.ಗೆ 46 ರೂಪಾಯಿ 25 ಪೈಸೆ ಗಿಟ್ಟುತ್ತದೆಂಬ ನಂಬಿಕೆ ಇಲ್ಲದಿದ್ದರೆ ಮತ್ತೊಂದು ವರ್ಷಕ್ಕೆ ಹಿಡಿಯುವುದು ಸರಿಯಲ್ಲ. ಈಗಿನ ಮಟ್ಟಿಗೆ ಅಪ್ಪನ ಮಾತು ಸರಿ, ಯುಗಾದಿಗೆ ನಿನ್ನ ಮಾತು ಸರಿ.

ಇಷ್ಟಕ್ಕೇ ಉತ್ತರ ಮುಗಿಸಬಹುದಿತ್ತು. ಆದರೆ ನಿನ್ನ ಪತ್ರದಲ್ಲಿ ‘ಅಪ್ಪ, ಅಣ್ಣ ಇಬ್ಬರೂ ಅಲ್ಲೇ ದುಡಿಯುತ್ತಾರೆ’ ಎಂಬ ಸಾಲು ಓದಿ ನನಗೆ ನಮ್ಮ ದೊಡ್ಡಪ್ಪನ ಆಲೆಮನೆ ನೆನಪಾಯಿತು. ಗೋಡೆಗೆ ನೇತುಹಾಕಿದ್ದ ಉದ್ದನೆಯ ಪುಸ್ತಕದಲ್ಲಿ ದೊಡ್ಡಪ್ಪ ಕಬ್ಬು, ಕೂಲಿ, ಸುಣ್ಣ, ಗಾಡಿ ಬಾಡಿಗೆ ಎಲ್ಲವನ್ನೂ ಬರೆಯುತ್ತಿದ್ದರು. ಬೀಡಿ ಕಟ್ಟಿನ ಕಾಸೂ ಅದರಲ್ಲಿತ್ತು. ಕೊಪ್ಪರಿಗೆಯಲ್ಲಿ ಪಾಕ ಉಕ್ಕಿ, ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತದೆಯೇ ಎಂದು ಅವರು ನೋಡುತ್ತಿದ್ದ ಹೊತ್ತಿಗೆ ದೊಡ್ಡಮ್ಮ ಎಂಟು ಆಳಿಗೆ ಆಗುವಷ್ಟು ಮುದ್ದೆ, ಸೊಪ್ಪಿನ ಸಾರನ್ನು ತಲೆ ಮೇಲೆ ಹೊತ್ತು ಗದ್ದೆ ಬದುವಿನಲ್ಲಿ ಬರುತ್ತಿದ್ದರು. ಬೆಳಗಿನ ಜಾವ ಎದ್ದು ರಾಗಿ ಬೀಸಿದ್ದು, ಸೌದೆ ಉರುಬಿದ್ದು, ಸಂಜೆ ಪಾತ್ರೆ ತಿಕ್ಕಿದ್ದು ಆ ಪುಸ್ತಕದ ಒಂದು ಪುಟದಲ್ಲೂ ಇರಲಿಲ್ಲ. ‘ಈ ಸಲ ಲಾಭ ಬಂತು’ ಎಂದು ದೊಡ್ಡಪ್ಪ ಹೇಳಿದ್ದು ನಮಗೆಲ್ಲ ನೆನಪಿದೆ. ಅದರಲ್ಲಿ ಎಷ್ಟು ದೊಡ್ಡಮ್ಮನ ಕೂಲಿಯಾಗಿತ್ತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಇದಕ್ಕೆ ಅವಕಾಶ ವೆಚ್ಚ ಎನ್ನುತ್ತಾರೆ. ಒಂದನ್ನು ಹಿಡಿದಾಗ ಕೈಬಿಟ್ಟ ಇನ್ನೊಂದರ ಬೆಲೆ. ಸೂಕ್ಷ್ಮ ಅರ್ಥಶಾಸ್ತ್ರದಲ್ಲಿ ಒಂದೇ ಒಂದು ಮಾತನ್ನು ಉಳಿಸಿಕೋ ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಅಪ್ಪ, ಅಣ್ಣ ಬೇರೆ ಕಡೆ ಹೋದರೆ ತಲಾ 600 ಸಿಗುತ್ತದೆ ಎನ್ನೋಣ. ಆಲೆಮನೆ ನಡೆಸಿ ಉಳಿಯುತ್ತಿದ್ದುದು 18,000ದಲ್ಲಿ 17,000 ಕಳೆದು 1,000. ಇಬ್ಬರ ಕೈಬಿಟ್ಟ ಕೂಲಿ 1,200. ಆಗ ಲೆಕ್ಕ ಉಲ್ಟಾ ಹೊಡೆಯುತ್ತದೆ, ಇವತ್ತೇ ನಿಲ್ಲಿಸುವುದು ಮೇಲು ಎನ್ನಬೇಕಾಗುತ್ತದೆ. ಆದರೆ ಅವಸರ ಮಾಡಬೇಡ. ನಿಮ್ಮೂರಲ್ಲಿ ಈ ತಿಂಗಳು ದಿನಾ ಕೂಲಿ ಸಿಗುತ್ತದೆಯೇ? ವಾರದಲ್ಲಿ ಮೂರು ದಿನ ಸಿಕ್ಕರೆ ಅವಕಾಶ ವೆಚ್ಚ ಅರ್ಧಕ್ಕೆ ಇಳಿಯಿತು, ಆಲೆಮನೆಯೇ ಮತ್ತೆ ವಾಸಿಯಾಯಿತು. ನಿಜವಾಗಿ ಕೈಗೆಟುಕುವ ಕೆಲಸಕ್ಕಷ್ಟೇ ಬೆಲೆ ಕಟ್ಟಬೇಕು. ಅದನ್ನು ನಾನು ಇಲ್ಲಿ ಕೂತು ಹೇಳಲಾರೆ, ನಿಮ್ಮಣ್ಣ ಹೇಳಬಲ್ಲ.

ಸ್ವಂತ ಗದ್ದೆಯ ಕಬ್ಬನ್ನು ಅರೆಯುತ್ತಿದ್ದರೆ ಅದೂ ಪುಕ್ಕಟೆಯಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡಿದ, ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ, ಶೇಕಡ 10.25 ಸಕ್ಕರೆ ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಇಳುವರಿ ಶೇಕಡ 9.5ಕ್ಕಿಂತ ಕಡಿಮೆಯಿದ್ದರೂ 3,290 ರೂಪಾಯಿ 50 ಪೈಸೆಗಿಂತ ಕೆಳಗಿಳಿಯುವಂತಿಲ್ಲ. ಕಟಾವು, ಸಾಗಣೆ ಕಳೆದು ಕಾರ್ಖಾನೆಯಿಂದ ಕೈಗೆ ಬರುತ್ತಿದ್ದ ಹಣವೇ ಆ ಕಬ್ಬಿನ ಬೆಲೆ. ಆಲೆಮನೆಯವರು ಬೇರೆಯವರ ಕಬ್ಬು ಕೊಳ್ಳುವಾಗಲೂ ಅದರ ಹತ್ತಿರ ಹತ್ತಿರ ಕೊಡದಿದ್ದರೆ ಕಬ್ಬಿನ ಗಾಡಿ ಕಾರ್ಖಾನೆ ಕಡೆ ತಿರುಗುತ್ತದೆ. ಕಬ್ಬಿನ ಬೆಲೆಗೆ ಹೀಗೆ ಕೆಳಗೊಂದು ಹಲಗೆ ಉಂಟು, ಬೆಲ್ಲದ ಬೆಲೆಗೆ ಅಂಥ ಹಲಗೆ ಇಲ್ಲ. ನಿಮ್ಮಪ್ಪನಂಥವರು ಸಿಕ್ಕಿಹಾಕಿಕೊಳ್ಳುವುದು ಈ ಎರಡರ ನಡುವೆ.

ಇನ್ನು ಬೇಡಿಕೆಯ ಪ್ರಶ್ನೆ. ಬೆಲೆ ಇಳಿದರೆ ಹೆಚ್ಚು ಹೋಗುತ್ತದೆ ಎಂದು ಪುಸ್ತಕ ಹೇಳುತ್ತದೆ, ಎಷ್ಟು ಹೆಚ್ಚು ಎಂದು ಆ ನಿಯಮ ಹೇಳುವುದಿಲ್ಲ. ಅದಕ್ಕೆ ಬೇರೆಯೇ ಅಳತೆ ಇದೆ, ಬೇಡಿಕೆಯ ಸ್ಥಿತಿಸ್ಥಾಪಕತ್ವ. ಬೆಲ್ಲ ಅಗ್ಗವಾಯಿತೆಂದು ಯಾರೂ ಒಬ್ಬಟ್ಟಿನ ಹೂರಣಕ್ಕೆ ಎರಡರಷ್ಟು ಬೆಲ್ಲ ಸುರಿಯುವುದಿಲ್ಲ. ಬೆಲೆ ಶೇಕಡ 10 ಇಳಿದು ಮಾರಾಟ ಶೇಕಡ 3 ಮಾತ್ರ ಏರಿದರೆ, ಎಲ್ಲ ಆಲೆಮನೆಯವರ ಕೈಗೆ ಸೇರುವ ಒಟ್ಟು ಹಣ ಕಡಿಮೆಯಾಗಲೇಬೇಕು. ಕಬ್ಬು ಚೆನ್ನಾಗಿ ಬಂದ ವರ್ಷವೇ ರೈತ ಕಣ್ಣೀರಿಡುವುದು ಈ ಕಾರಣಕ್ಕೆ. ಅವನು ಬೆಳೆದದ್ದು ತಪ್ಪಲ್ಲ, ಎಲ್ಲರೂ ಒಟ್ಟಿಗೆ ಬೆಳೆದರು. ಕಬ್ಬು ವರ್ಷದ ಬೆಳೆ, ಆಮೇಲೆ ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೇರೆ. ಬೆಲೆ ಬಿತ್ತೆಂದು ನಾಳೆ ಬೆಳಿಗ್ಗೆ ಗದ್ದೆಯನ್ನು ಖಾಲಿ ಮಾಡಲಾಗದು.

ಇಲ್ಲಿ ನೀನು ಎರಡು ಬೇಡಿಕೆಗಳನ್ನು ಕಲಸಿಕೊಂಡಿದ್ದೀಯ. ನಾನು ಹೇಳಿದ್ದು ಇಡೀ ಮಾರುಕಟ್ಟೆಯ ಬೇಡಿಕೆ, ನಿಮ್ಮಪ್ಪನೊಬ್ಬರ ಬೆಲ್ಲಕ್ಕಿರುವ ಬೇಡಿಕೆ ಬೇರೆ. ಮಂಡ್ಯದ ಬೆಲ್ಲದ ಮಾರುಕಟ್ಟೆಗೆ ಒಂದು ಬೆಳಿಗ್ಗೆ ಹೋಗಿ ನೋಡು. ರಾಶಿ ಪಕ್ಕ ರಾಶಿ ಅಚ್ಚು ಬೆಲ್ಲ, ಕೊಳ್ಳುವವರು ಒಂದೊಂದು ಅಚ್ಚು ಮುರಿದು ಬಣ್ಣ ನೋಡಿ, ಚೂರು ಬಾಯಿಗೆ ಹಾಕಿಕೊಂಡು ಮುಂದೆ ಹೋಗುತ್ತಾರೆ. ಅಂಥದ್ದೇ ಬೆಲ್ಲ ಪಕ್ಕದಲ್ಲಿರುವಾಗ ನಿಮ್ಮಪ್ಪ ಕೆ.ಜಿ.ಗೆ ಒಂದು ರೂಪಾಯಿ ಹೆಚ್ಚು ಕೇಳಿದರೆ ಕೊಳ್ಳುವವರು ನಿಲ್ಲುವುದೇ ಇಲ್ಲ. ಕಡಿಮೆಗೆ ಕೊಡುವ ಅಗತ್ಯವೂ ಇಲ್ಲ, ಅವತ್ತಿನ ಬೆಲೆಗೆ ನಿಮ್ಮ 400 ಕೆ.ಜಿ. ಹೇಗೂ ಹೋಗುತ್ತದೆ. ಬೆಲೆ ಇಳಿದಾಗ ನಿಮ್ಮ ಬೆಲ್ಲ ಹೆಚ್ಚು ಹೋಗದಿದ್ದುದಕ್ಕೆ ಕಾರಣ, ನೀವು ಮೊದಲೂ ಮಾಡಿದಷ್ಟನ್ನೂ ಮಾರುತ್ತಿದ್ದಿರಿ. ಪುಸ್ತಕದಲ್ಲಿ ಪೂರ್ಣ ಪೈಪೋಟಿ ಎಂದು ಓದುವಾಗ ಆ ರಾಶಿಗಳನ್ನು ನೆನಪಿಸಿಕೋ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಬೇಡಿಕೆ, ಪೂರೈಕೆಗಳನ್ನು ಕತ್ತರಿಯ ಎರಡು ಅಲಗುಗಳಿಗೆ ಹೋಲಿಸಿದ. ಕಾಗದ ಕತ್ತರಿಸಿದ್ದು ಮೇಲಿನ ಅಲಗೋ ಕೆಳಗಿನದೋ ಎಂದು ಕೇಳಿ ಫಲವಿಲ್ಲ. ಆ ಕತ್ತರಿಯ ಹಿಡಿ ನಿಮ್ಮಪ್ಪನ ಕೈಯಲ್ಲೂ ಇಲ್ಲ, ಪಕ್ಕದ ರಾಶಿಯವನ ಕೈಯಲ್ಲೂ ಇಲ್ಲ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಮುಂದಿನ ಭಾನುವಾರ ಅಪ್ಪನ ಪಕ್ಕ ಕೂತು ಅವರ ಲೆಕ್ಕದ ಪುಸ್ತಕವನ್ನು ಕೇಳಿ ತೆಗೆದುಕೋ. ‘ನಿಲ್ಲಿಸಿ’ ಎನ್ನಬೇಡ. ಯಾವ ಖರ್ಚು ಒಲೆ ಆರಿದರೂ ನಿಲ್ಲದು ಎಂದು ಅವರನ್ನೇ ಕೇಳಿ ಬರೆದುಕೋ, ಅವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಅಣ್ಣನನ್ನು ಕರೆದು, ಈ ತಿಂಗಳು ಬೇರೆ ಕಡೆ ಎಷ್ಟು ದಿನ ಕೆಲಸ ಸಿಗುತ್ತಿತ್ತು ಎಂದು ಕೇಳು. ನಿಮ್ಮಮ್ಮನ ಬಗ್ಗೆ ನೀನು ಏನೂ ಬರೆದಿಲ್ಲ. ಆಳುಗಳಿಗೆ ಊಟ ಯಾರು ಮಾಡಿ ಕಳಿಸುತ್ತಾರೆ? ಅದಕ್ಕೂ ಒಂದು ಸಾಲು ಬಿಡು. ಆ ಹಾಳೆಯನ್ನು ನನಗೆ ಕಳಿಸು, ಯುಗಾದಿಗೆ ಮೊದಲೇ ಉತ್ತರಿಸುತ್ತೇನೆ.