ಅಮೆರಿಕದವರ ‘ವಾಟರ್’ ನಮಗೆ ‘ವಾಡರ್’ ಅಂತ ಯಾಕೆ ಕೇಳಿಸುತ್ತದೆ? ಲಂಡನ್ನಿನವರ ಟ ಎಲ್ಲಿ ಹೋಯ್ತು?

ನಿಮ್ಮ ದೂರು ಎರಡು. ಅಮೆರಿಕದ ಕ್ಲೈಂಟ್ ‘ವಾಟರ್’ ಅಂದರೆ ‘ವಾಡರ್’ ಅಂತ ಕೇಳಿಸುತ್ತದೆ. ಲಂಡನ್ನಿನ ಟೀಮಿನವರು ಅದೇ ಪದದಲ್ಲಿ ಟ ಅನ್ನೇ ನುಂಗಿಬಿಡುತ್ತಾರೆ. ಇದು ಸೋಮಾರಿತನವಾ ಅಂತ ಕೇಳಿದ್ದೀರಿ. ಅಲ್ಲ. ಪದದಲ್ಲಿ ಟ ಎಲ್ಲಿ ಬಂದಿದೆ, ಅದರ ಅಕ್ಕಪಕ್ಕ ಏನಿದೆ ಅನ್ನೋದನ್ನ ನೋಡಿಕೊಂಡು ಅದು ಬದಲಾಗುತ್ತದೆ. ನಾನೂ ದಿನವಿಡೀ ಈ ಎರಡೂ ಕಡೆಯವರ ಜೊತೆ ಕಾಲ್‌ನಲ್ಲಿ ಇರುವವನೇ. ಲೆಕ್ಕ ಗೊತ್ತಾದ ಮೇಲೆ ಕೇಳಿಸಿಕೊಳ್ಳೋದು ಎಷ್ಟೋ ಸಲೀಸಾಯ್ತು.

ಮೊದಲು ಅಮೆರಿಕದ್ದು. ಎರಡು ಸ್ವರಗಳ ನಡುವೆ ಟ ಬಂದು, ಮುಂದಿನ ಸ್ವರದ ಮೇಲೆ ಒತ್ತು (ಅಂದರೆ ಆ ಭಾಗವನ್ನು ಜೋರು ಕೊಟ್ಟು ಹೇಳುವುದು) ಇಲ್ಲದಿದ್ದರೆ ಅವರು ಅದನ್ನು ಪೂರ್ತಿ ಹೇಳುವುದಿಲ್ಲ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿರುವ ಉಬ್ಬನ್ನು ಒಂದು ಸಲ ತಟ್ಟಿ ಬಂದುಬಿಡುತ್ತದೆ. ಇದು ನಮಗೆ ಹೊಸದೇನಲ್ಲ. ‘ಡಬ್ಬಿ’ ಅಂತ ಒಮ್ಮೆ ಹೇಳಿ, ಆಮೇಲೆ ಬೇಗ ‘ಮಾಡು’ ಅಂತ ಹೇಳಿ. ಎರಡನೆಯದರಲ್ಲಿ ನಾಲಿಗೆ ಸುಮ್ನೆ ತಾಗಿ ಹೋಯ್ತು, ಅಲ್ವಾ? ಅಮೆರಿಕದವರದ್ದೂ ಅದೇ ಥರ, ಆದರೆ ನಾಲಿಗೆ ಮಡಚುವುದಿಲ್ಲ. ನಿಜ ಹೇಳಬೇಕೆಂದರೆ ಆ ಸದ್ದು ನಮ್ಮ ‘ಮರ’ದಲ್ಲಿರುವ ರ ಗೆ ಇನ್ನೂ ಹತ್ತಿರ. ‘ಗಾಟ್ ಇಟ್’ ಕೆಲವರಿಗೆ ‘ಗಾಡಿಟ್’, ಕೆಲವರಿಗೆ ‘ಗಾರಿಟ್’ ಅಂತ ಕೇಳಿಸುವುದು ಅದಕ್ಕೇ.

ಒತ್ತಿನ ಆಟ ನೋಡಬೇಕೆಂದರೆ ‘ಆ್ಯಟಮ್’ ಮತ್ತು ‘ಅಟಾಮಿಕ್’ ತಗೊಳ್ಳಿ. ‘ಆ್ಯಟಮ್’ನಲ್ಲಿ ಒತ್ತು ಮೊದಲಿಗೇ ಇದೆ. ಹಾಗಾಗಿ ಟ ಮೆತ್ತಗಾಗಿ, ಅಣುವಿಗೂ ‘ಆ್ಯಡಮ್’ ಅನ್ನೋ ಹೆಸರಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ‘ಅಟಾಮಿಕ್’ನಲ್ಲಿ ಒತ್ತು ‘ಟಾ’ ಮೇಲೆ ಬಿತ್ತು. ತಕ್ಷಣ ಟ ಎದ್ದು ಕೂರುತ್ತದೆ, ಜೊತೆಗೆ ಉಸಿರೂ ಸೇರಿ ಹೆಚ್ಚೂಕಡಿಮೆ ‘ಠಾ’ ಅಂತ ಬರುತ್ತದೆ. ‘ಹೋಟೆಲ್’ನ ಟ ಗಟ್ಟಿಯಾಗಿ ಉಳಿಯುವುದೂ ಇದರಿಂದಲೇ, ಯಾಕೆಂದರೆ ಅವರು ಎರಡನೇ ಭಾಗಕ್ಕೆ ಒತ್ತು ಕೊಡುತ್ತಾರೆ. ಆದರೆ ಟ ಪದದ ಕೊನೆಯಲ್ಲಿದ್ದು ಮುಂದಿನ ಪದ ಸ್ವರದಿಂದ ಶುರುವಾದರೆ ಒತ್ತಿನ ಲೆಕ್ಕ ನಡೆಯುವುದಿಲ್ಲ. ‘ನಾಟ್ ಅಟ್ ಆಲ್’ ಪೂರ್ತಿ ಕರಗಿ ‘ನಾಡಡಾಲ್’ ಆಗುತ್ತದೆ. (ಮೊದಲ ಸಲ ಕೇಳಿದರೆ ಯಾವುದೋ ಊರಿನ ಹೆಸರು ಅನ್ನಿಸುತ್ತದೆ.)

ನ ಆದ ಮೇಲೆ ಟ ಬಂದರೆ ಎಷ್ಟೋ ಸಲ ಮಾಯವೇ ಆಗುತ್ತದೆ. ‘ಟ್ವೆಂಟಿ’ ಹೋಗಿ ‘ಟ್ವೆನಿ’, ‘ಇಂಟರ್‌ನೆಟ್’ ಹೋಗಿ ‘ಇನರ್‌ನೆಟ್’. ಕೆನಡಾದ ಟೊರಾಂಟೊದವರೇ ತಮ್ಮ ಊರನ್ನು ‘ಟೊರಾನೊ’ ಅನ್ನುತ್ತಾರೆ. ಇಲ್ಲೂ ಒತ್ತು ಕಾಯುತ್ತದೆ: ‘ಕಂಟೇನರ್’ನಲ್ಲಿ ‘ಟೇ’ ಮೇಲೆ ಒತ್ತು ಇರುವುದರಿಂದ ಅದನ್ನು ಯಾರೂ ಬಿಡುವುದಿಲ್ಲ.

ಇನ್ನು ಲಂಡನ್. ಅಲ್ಲಿ ಟ ಮಾಯವಾಗಿಲ್ಲ, ಗಂಟಲಿಗೆ ಇಳಿದಿದೆ. ಭಾರವಾದ ಮೂಟೆ ಎತ್ತುವಾಗ ಗಂಟಲಲ್ಲಿ ಉಸಿರು ಕಟ್ಟಿಕೊಳ್ಳುತ್ತೇವಲ್ಲ, ಅದೇ ತಡೆ ಒಂದು ಕ್ಷಣ ಬಂದು ಹೋಗುತ್ತದೆ. ‘ವಾ–ಅ’, ‘ಬಾ–ಲ್’ ಅಂತ ಕೇಳಿಸಿದರೆ ಅದು ವಾಟರ್, ಬಾಟಲ್. ಮಧ್ಯದ ಆ ಗ್ಯಾಪೇ ಟ. ಇದು ಬರೀ ಲಂಡನ್ನಿನದ್ದಲ್ಲ, ಗ್ಲಾಸ್ಗೋದಲ್ಲೂ ಜೋರಾಗಿದೆ. ಆದರೆ ಎಂಥ ಪಕ್ಕಾ ಲಂಡನ್ನಿನವನೂ ‘ಟೀ’ಯ ಟ ನುಂಗುವುದಿಲ್ಲ.

ಬ್ರಿಟನ್ನಿನಲ್ಲಿ ಇದಕ್ಕೆಲ್ಲ ಅಂತಸ್ತಿನ ಲೆಕ್ಕವೂ ಅಂಟಿಕೊಂಡಿದೆ. 2013ರಲ್ಲಿ ಅಲ್ಲಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಒಂದು ಸೂಪರ್‌ಮಾರ್ಕೆಟ್ಟಿನ ಕೆಲಸಗಾರರ ಮುಂದೆ ಭಾಷಣ ಮಾಡುತ್ತಾ ‘ಬ್ರಿಟಿಷ್’ ಅನ್ನು ‘ಬ್ರಿಡಿಷ್’ ಅಂದರು. ಸಿರಿವಂತರ ಮನೆಯ ಮಗ ಸಾಮಾನ್ಯರ ಥರ ಮಾತಾಡಲು ಹೊರಟಿದ್ದಾರೆ ಅಂತ ಪತ್ರಿಕೆಗಳು ಚೆನ್ನಾಗಿ ಗೇಲಿ ಮಾಡಿದವು. ಒಂದು ಟ ಗೆ ಅಷ್ಟು ರಾದ್ಧಾಂತ!

ಆಫೀಸಿನಲ್ಲಿ ನಿಜವಾಗಿ ತಲೆನೋವು ಕೊಡುವುದು ಇವು ಯಾವುವೂ ಅಲ್ಲ, ಅಮೆರಿಕದವರ ‘ಕ್ಯಾನ್’ ಮತ್ತು ‘ಕಾಂಟ್’. ‘ಆಗುತ್ತೆ’ ಅಂದರಾ, ‘ಆಗಲ್ಲ’ ಅಂದರಾ? ಕೊನೆಯ ಟ ಗಾಗಿ ಕಾಯಬೇಡಿ, ಅದು ಬರುವುದಿಲ್ಲ. ಸ್ವರ ಕೇಳಿ. ‘ಆಗುತ್ತೆ’ ಅನ್ನುವಾಗ ಆ ಪದವನ್ನು ಅವರು ತೇಲಿಸಿಬಿಡುತ್ತಾರೆ: ‘ಐ ಕನ್ ಡೂ ಇಟ್’. ಒತ್ತೆಲ್ಲ ‘ಡೂ’ ಮೇಲೆ. ‘ಆಗಲ್ಲ’ ಅನ್ನುವಾಗ ‘ಐ ಕ್ಯಾನ್ ಡೂ ಇಟ್’ ಅಂತ ‘ಕ್ಯಾ’ ತುಂಬಿಕೊಂಡು ಬಂದು, ಕೊನೆಯಲ್ಲಿ ಗಂಟಲು ಟಕ್ಕನೆ ಮುಚ್ಚುತ್ತದೆ. ಅಂದರೆ ‘ಕ್ಯಾನ್’ ಅಂತ ಸ್ಪಷ್ಟವಾಗಿ ಕೇಳಿಸಿತು ಅಂದರೆ ಬಹಳ ಸಲ ಉತ್ತರ ‘ಇಲ್ಲ’. ಅನುಮಾನ ಬಂದರೆ ನಾನು ಸಂಕೋಚ ಬಿಟ್ಟು, ‘ಅಂದರೆ ಆಗಲ್ಲ, ಅಲ್ವಾ?’ ಅಂತ ಇಂಗ್ಲಿಷಿನಲ್ಲೇ ಕೇಳಿಬಿಡುತ್ತೇನೆ.

ನಾವೂ ಹಾಗೇ ಮಾತಾಡಬೇಕಾ? ನನ್ನ ಪ್ರಕಾರ ಬೇಡ. ನಾವು ಟ ಹೇಳುವಾಗ ನಾಲಿಗೆ ಹಿಂದಕ್ಕೆ ಮಡಚುತ್ತೇವೆ. ಅವರಿಗೆ ‘ಇವರು ಇಂಡಿಯಾದವರು’ ಅಂತ ಗೊತ್ತಾಗುತ್ತದೆ, ಅಷ್ಟೇ. ಮೈಸೂರಿನವರು ‘ವಾಡರ್’ ಅನ್ನೋದು ನನಗಂತೂ ಕೃತಕ ಅನ್ನಿಸುತ್ತದೆ. ಒಂದನ್ನು ಮಾತ್ರ ರೂಢಿ ಮಾಡಿಕೊಳ್ಳಿ. ಪದದ ಶುರುವಿನ ಪ, ಟ, ಕ ಗಳಿಗೆ ಅವರು ಉಸಿರು ಸೇರಿಸುತ್ತಾರೆ, ನಾವು ಸೇರಿಸುವುದಿಲ್ಲ. ಹಾಗಾಗಿ ನಮ್ಮ ‘ಪಿನ್’ ಅವರಿಗೆ ‘ಬಿನ್’ ಅಂತಲೂ, ‘ಟೌನ್’ ಅನ್ನೋದು ‘ಡೌನ್’ ಅಂತಲೂ ಕೇಳಿಸಬಹುದು. ಬಾಯಿಯ ಮುಂದೆ ತೆಳುವಾದ ಕಾಗದ ಹಿಡಿದು ‘ಪಿನ್’ ಅನ್ನಿ. ಕಾಗದ ಅಲುಗಾಡಬೇಕು. ಇವುಗಳ ಹಿಂದೆ ಸ ಇದ್ದರೆ ಮಾತ್ರ ಉಸಿರು ಬೇಡ. ‘ಸ್ಟಾಪ್’, ‘ಸ್ಪಿನ್’, ‘ಸ್ಕೂಲ್’ಗಳಲ್ಲಿ ಅವರೂ ನಮ್ಮ ಹಾಗೇ ಉಸಿರಿಲ್ಲದೆ ಹೇಳುತ್ತಾರೆ.